ಬಟ್ಟೆ ವಾಪಸ್ ಕೊಡುವಾಗ ನೆನಪಿರಬೇಕಾದ ಎಂಟು ಪಾಠಗಳು

ದಸರೆಯಿಂದ ದೀಪಾವಳಿವರೆಗೆ, ಆಮೇಲೆ ಮದುವೆಯ ತಿಂಗಳುಗಳಲ್ಲಿ, ನಮ್ಮ ಗ್ರಾಹಕ ಸಲಹಾ ಕೇಂದ್ರಕ್ಕೆ ಬರುವವರ ಕೈಯಲ್ಲಿ ಹೆಚ್ಚಾಗಿ ಬಟ್ಟೆಯ ಚೀಲವೇ ಇರುತ್ತದೆ. ಅವರ ದೂರು ಕೇಳಿ, ಅರ್ಜಿ ಬರೆದುಕೊಟ್ಟು, ಅಂಗಡಿಯವರೊಂದಿಗೆ ಮಾತಾಡುವುದು ಸ್ವಯಂಸೇವಕಿಯಾಗಿ ನಾನು ಮಾಡುವ ಕೆಲಸ. ಹಲವರಿಗೆ ಕಾನೂನು ತಮಗೆ ಕೊಟ್ಟಿರುವ ಹಕ್ಕು ಗೊತ್ತಿರುವುದಿಲ್ಲ. ಇನ್ನು ಕೆಲವರು ಇಲ್ಲದ ಹಕ್ಕನ್ನೂ ಇದೆ ಎಂದು ನಂಬಿ ಅಂಗಡಿಯಲ್ಲಿ ಜಗಳಕ್ಕೆ ನಿಲ್ಲುತ್ತಾರೆ. ಇಬ್ಬರೂ ಬರಿಗೈಯಲ್ಲಿ ಮರಳುವುದನ್ನು ನೋಡಿ ಈ ಪಾಠಗಳನ್ನು ಬರೆದಿದ್ದೇನೆ.

1. ದೋಷವೋ, ಅಳತೆಯೋ? ಮೊದಲು ತೀರ್ಮಾನಿಸಿ

ಉಳಿದೆಲ್ಲವೂ ನಿಂತಿರುವುದು ಈ ಪ್ರಶ್ನೆಯ ಮೇಲೆ. ಮೊದಲ ಒಗೆತಕ್ಕೇ ಬಣ್ಣ ಬಿಟ್ಟರೆ, ಹೊಲಿಗೆ ಬಿಚ್ಚಿಕೊಂಡರೆ, ನೇಯ್ಗೆಯಲ್ಲಿ ಎಳೆ ಹರಿದಿದ್ದರೆ, ರೇಷ್ಮೆ ಎಂದು ಮಾರಿದ್ದು ಪಾಲಿಯೆಸ್ಟರ್ ಆಗಿದ್ದರೆ ಅದು ದೋಷ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿಮ್ಮ ಬೆನ್ನಿಗಿದೆ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ವಾಪಸ್ ಪಡೆದು ಹಣ ಹಿಂತಿರುಗಿಸಲು ಒಪ್ಪದಿರುವುದು ಈ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ.

ಬಟ್ಟೆ ಚೆನ್ನಾಗಿಯೇ ಇದ್ದು, ನಿಮಗೆ ಬಿಗಿಯಾದರೆ ಅಥವಾ ಮನೆಯವರಿಗೆ ಬಣ್ಣ ಹಿಡಿಸದಿದ್ದರೆ ಮಾತು ಬೇರೆ. ಅಂಗಡಿಯಲ್ಲಿ ನೋಡಿ ಕೊಂಡ ಬಟ್ಟೆಯನ್ನು ಮನಸ್ಸು ಬದಲಾಯಿತೆಂದು ಹಿಂತಿರುಗಿಸುವ ಹಕ್ಕು ನಮ್ಮ ಕಾಯ್ದೆಯಲ್ಲಿ ಇಲ್ಲ. ಅಲ್ಲಿ ನಡೆಯುವುದು ಅಂಗಡಿಯವರು ಕೊಟ್ಟ ಮಾತು. ಆದ್ದರಿಂದ ಹಣ ಕೊಡುವ ಮೊದಲೇ ಕೇಳಿ: ‘ಸೈಜ್ ಆಗದಿದ್ದರೆ ಎಷ್ಟು ದಿನದೊಳಗೆ ಬದಲಾಯಿಸಿಕೊಡ್ತೀರಿ? ದುಡ್ಡು ವಾಪಸ್ಸಾ, ಬೇರೆ ಬಟ್ಟೆಯಾ?’ ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.

2. ಸೈಜ್ ಕೂಡ ದೋಷವಾಗಬಹುದು

ಚೀಟಿಯಲ್ಲಿ 40 ಎಂದಿದ್ದು, ಟೇಪು ಹಿಡಿದರೆ 38ಕ್ಕೆ ನಿಂತರೆ, ಅದನ್ನು ನಿಮ್ಮ ಮೈಯ ತಪ್ಪೆಂದು ಒಪ್ಪಿಕೊಳ್ಳಬೇಡಿ. ಮಾರಾಟಗಾರ ಹೇಳಿದ ಗುಣಮಟ್ಟಕ್ಕೆ ಮಾಲು ಕಡಿಮೆಯಾದರೆ ಅದೂ ದೋಷ ಎನ್ನುತ್ತದೆ ಕಾಯ್ದೆ. ಪ್ಯಾಕ್ ಇಲ್ಲದೆ ಬಿಡಿಯಾಗಿ ಮಾರುವ ಸಿದ್ಧ ಉಡುಪುಗಳ ಮೇಲೆ ಎಸ್, ಎಂ, ಎಲ್ ಜೊತೆಗೆ ಸೆಂಟಿಮೀಟರ್ ಅಥವಾ ಮೀಟರ್ ಅಳತೆಯೂ ಇರಬೇಕೆಂದು ಕಾನೂನು ಮಾಪನಶಾಸ್ತ್ರ ನಿಯಮಗಳ 2022ರ ತಿದ್ದುಪಡಿ ಹೇಳುತ್ತದೆ. ಆ ಅಂಕಿಯನ್ನು ಓದಿ ಕೊಳ್ಳುವ ಅಭ್ಯಾಸ ನಮಗಿನ್ನೂ ಬಂದಿಲ್ಲ.

ಒಂದು ಕಂಪನಿಯ ಎಂ ಇನ್ನೊಂದರ ಎಲ್‌ಗೆ ಸಮವಾಗುವುದಕ್ಕೆ ಕಾರಣವಿದೆ. ಭಾರತೀಯರ ಮೈಕಟ್ಟನ್ನು ಅಳೆದು ಮಾಡಿದ ಪ್ರಮಾಣಿತ ಅಳತೆಪಟ್ಟಿ ನಮ್ಮಲ್ಲಿ ಇರಲಿಲ್ಲ. ಆ ಕೊರತೆ ನೀಗಿಸಲು ಕೇಂದ್ರ ಜವಳಿ ಸಚಿವಾಲಯದ ನೆರವಿನಿಂದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್) ‘ಇಂಡಿಯಾಸೈಜ್’ ಅಧ್ಯಯನ ಕೈಗೆತ್ತಿಕೊಂಡು, ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ ಜನರನ್ನು 3ಡಿ ಸ್ಕ್ಯಾನರ್‌ಗಳಿಂದ ಅಳೆಯಲು ಹೊರಟಿತು. ಅಂಥ ಪಟ್ಟಿ ಅಂಗಡಿಯ ಬಟ್ಟೆಗಳಲ್ಲಿ ಬಳಕೆಗೆ ಬರುವವರೆಗೆ ಅಕ್ಷರವನ್ನು ನಂಬುವುದಕ್ಕಿಂತ ಟೇಪನ್ನು ನಂಬುವುದು ಒಳ್ಳೆಯದು.

3. ಬೋರ್ಡಿಗೆ ಹೆದರಬೇಡಿ

‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂಬ ಬರಹ ಗಲ್ಲಾದ ಹಿಂದೆಯೂ ಬಿಲ್ಲಿನ ಅಡಿಯಲ್ಲೂ ಇರುತ್ತದೆ. ದೋಷವಿರುವ ಮಾಲಿನ ವಿಷಯದಲ್ಲಿ ಆ ಸಾಲಿಗೆ ಬೆಲೆಯಿಲ್ಲ. ಕಾಯ್ದೆ ಕೊಟ್ಟ ಹಕ್ಕನ್ನು ರಬ್ಬರ್ ಸ್ಟಾಂಪು ಕಿತ್ತುಕೊಳ್ಳಲಾರದು. ರಿಯಾಯಿತಿ ಮಾರಾಟಕ್ಕೂ ಇದೇ ಮಾತು: ಬೆಲೆ ಇಳಿಸಿದ ಮಾತ್ರಕ್ಕೆ ಹರಿದದ್ದನ್ನು ಕೊಡುವ ಪರವಾನಗಿ ಸಿಗುವುದಿಲ್ಲ. ಆದರೆ ‘ಇದು ಸೆಕೆಂಡ್ಸ್ ಮಾಲು, ಇಲ್ಲಿ ಕಲೆ ಇದೆ’ ಎಂದು ತೋರಿಸಿಯೇ ಮಾರಿದ್ದರೆ, ಆ ಕಲೆಯ ಬಗ್ಗೆ ಆಮೇಲೆ ತಕರಾರು ಮಾಡುವುದು ನ್ಯಾಯವಲ್ಲ.

4. ಬಿಲ್ ಬೇಕೆಂದು ಕೇಳಿ

ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ಆದರೂ ‘ಬಿಲ್ ಬೇಡ ಅಂದ್ರೆ ಸ್ವಲ್ಪ ಕಡಿಮೆ ಮಾಡ್ತೀನಿ ಅಕ್ಕ’ ಎಂಬ ಮಾತಿಗೆ ಹಲವರು ತಲೆದೂಗುತ್ತಾರೆ. ಆ ನೂರು ರೂಪಾಯಿಯ ಉಳಿತಾಯಕ್ಕೆ ಕೈಯಲ್ಲಿನ ಮುಖ್ಯ ಸಾಕ್ಷಿಯನ್ನೇ ಬಿಟ್ಟುಕೊಟ್ಟಂತಾಗುತ್ತದೆ. ಯುಪಿಐಯಲ್ಲಿ ಹಣ ಕೊಟ್ಟಿದ್ದರೆ ಆ ದಾಖಲೆ ಇಟ್ಟುಕೊಳ್ಳಿ, ನೆರವಾಗುತ್ತದೆ. ಬಿಲ್ಲಿನ ಶಾಯಿ ಬೇಗ ಮಾಸುವುದರಿಂದ ಅದೇ ದಿನ ಫೋಟೊ ತೆಗೆಯಿರಿ.

5. ಬಟ್ಟೆಯನ್ನು ಇದ್ದಂತೆಯೇ ಇಡಿ

ದೋಷ ಕಂಡ ಮೇಲೆ ಮತ್ತೆ ಒಗೆಯಬೇಡಿ, ದರ್ಜಿಯ ಬಳಿ ಸರಿಮಾಡಿಸಬೇಡಿ, ಟ್ಯಾಗ್ ಕೀಳಬೇಡಿ. ಸೀರೆಯಾದರೆ ಫಾಲ್ ಹಾಕಿಸುವ ಮೊದಲು ಸೆರಗಿನಿಂದ ಒಳತುದಿಯವರೆಗೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಪ್ರಕರಣ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ, ಅಗತ್ಯವೆನಿಸಿದಾಗ ಬಟ್ಟೆಯ ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಕೈಯಾಡಿಸಿದ ಬಟ್ಟೆ ಅಲ್ಲಿ ನಿಮ್ಮ ಪರ ಮಾತಾಡುವುದಿಲ್ಲ. ಮದುವೆಗೆ ಉಟ್ಟು ಮರುದಿನ ವಾಪಸ್ ಒಯ್ಯುವವರಿಂದಾಗಿ ಪ್ರಾಮಾಣಿಕ ಗ್ರಾಹಕರನ್ನೂ ಅಂಗಡಿಯವರು ಅನುಮಾನದಿಂದ ನೋಡುವಂತಾಗಿದೆ. ಇದನ್ನೂ ನಾವು ಒಪ್ಪಬೇಕು.

6. ಕ್ರೆಡಿಟ್ ನೋಟಿಗೆ ಅವಸರದಲ್ಲಿ ತಲೆಯಾಡಿಸಬೇಡಿ

ಸೈಜ್ ಆಗಲಿಲ್ಲವೆಂದು ವಾಪಸ್ ಕೊಡುವಾಗ ಹಣದ ಬದಲು ಅದೇ ಅಂಗಡಿಯಲ್ಲಿ ಮುಂದೆ ಬಳಸುವ ಚೀಟಿ, ಅಂದರೆ ಕ್ರೆಡಿಟ್ ನೋಟ್ ಕೊಟ್ಟರೆ ಅದು ಅಂಗಡಿಯ ನಿಯಮ, ಒಪ್ಪಬಹುದು. ಅವಧಿ ಮಾತ್ರ ನೋಡಿಕೊಳ್ಳಿ. ದೋಷವಿದ್ದಾಗ ಕೇಳಬೇಕಾದದ್ದು ಹಣ. ‘ಜಿಎಸ್‌ಟಿ ಕಟ್ಟಿಬಿಟ್ಟಿದ್ದೇವೆ, ಏನೂ ಮಾಡೋಕಾಗಲ್ಲ’ ಎಂದರೆ ನಂಬಬೇಡಿ. ಮಾಲು ವಾಪಸ್ ಬಂದಾಗ ತೆರಿಗೆಯ ಲೆಕ್ಕ ಸರಿಪಡಿಸಿಕೊಳ್ಳಲು ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ವ್ಯಾಪಾರಿಗೆ ದಾರಿ ಕೊಟ್ಟಿದೆ.

7. ಆನ್‌ಲೈನ್ ಮತ್ತು ದರ್ಜಿ: ಎರಡಕ್ಕೂ ಕಾನೂನಿದೆ

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದ ಮಾಲನ್ನು ಮಾರಾಟಗಾರ ವಾಪಸ್ ಪಡೆಯಲೇಬೇಕು. ಅವರದೇ ಅಳತೆಪಟ್ಟಿಗೆ ಬಟ್ಟೆ ಹೊಂದದಿದ್ದರೆ ಟೇಪು ಇಟ್ಟು ಫೋಟೊ ತೆಗೆದು ಕಳಿಸಿ. ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು.

ಅಳತೆ ಕೊಟ್ಟು ಹೊಲಿಸಿದ ಬ್ಲೌಸು ತೋಳಿಗೇ ಏರದಿದ್ದರೆ ಅದು ಸೇವಾ ನ್ಯೂನತೆ. ಮೊದಲು ಸರಿಮಾಡಿಕೊಡಲು ಅವಕಾಶ ಕೊಡಿ. ಬಹುಪಾಲು ದರ್ಜಿಗಳು ಮಾಡಿಕೊಡುತ್ತಾರೆ. ಅಳತೆ ಬರೆದ ಚೀಟಿಯ ಒಂದು ಪ್ರತಿ ನಿಮ್ಮಲ್ಲೂ ಇರಲಿ.

8. ಮೊತ್ತ ಚಿಕ್ಕದೆಂದು ಬಿಡಬೇಡಿ

ಮೊದಲು ಮಾಲೀಕರೊಂದಿಗೆ ಮಾತಾಡಿ, ಅದೂ ಅಂಗಡಿ ಖಾಲಿ ಇರುವ ಹೊತ್ತಿನಲ್ಲಿ. ಕೆಲಸಗಾರ ಹುಡುಗರ ಮೇಲೆ ರೇಗುವುದರಿಂದ ಏನೂ ಸಿಗದು; ಹಣ ವಾಪಸ್ ಕೊಡುವ ಅಧಿಕಾರ ಅವರಿಗಿಲ್ಲ. ಆಗದಿದ್ದರೆ ರಿಜಿಸ್ಟರ್ಡ್ ಪತ್ರ ಬರೆಯಿರಿ. ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕೊನೆಯದು ಜಿಲ್ಲಾ ಗ್ರಾಹಕ ಆಯೋಗ. ಕೊಂಡ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಅಲ್ಲಿ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ದೂರು ಕೊಟ್ಟರೆ ಸಾಕು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಕೊಂಡದ್ದಕ್ಕೆ ನೀವು ವಾಸಿಸುವ ಕೊಪ್ಪಳದಲ್ಲೇ ದೂರು ಸಲ್ಲಿಸಬಹುದು.

ಆರುನೂರು ರೂಪಾಯಿಯ ಶರ್ಟಿಗೆ ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಆಯೋಗ ನಿಮ್ಮ ಹಣ ಕೊಡಿಸುವುದರ ಜೊತೆಗೆ ಆ ಅನುಚಿತ ಪದ್ಧತಿಯನ್ನೇ ನಿಲ್ಲಿಸಲು ಅಂಗಡಿಗೆ ಆದೇಶಿಸಬಲ್ಲದು. ಆಗ ಬಿಲ್ಲಿನ ‘ವಾಪಸ್ ಪಡೆಯುವುದಿಲ್ಲ’ ಎಂಬ ಸಾಲು ಅಳಿಯುವುದು ನಿಮಗೊಬ್ಬರಿಗಾಗಿ ಅಲ್ಲ. ಓದಲು ಬಾರದ, ಕೇಳಲು ಅಂಜುವ ಮುಂದಿನ ಗಿರಾಕಿಗೂ ಅದರಿಂದ ನ್ಯಾಯ ಸಿಗುತ್ತದೆ.