ತಣ್ಣನೆಯ ಕಡಲಿಗೆ ಇಳಿಯುವ ಮುನ್ನ

ಅಮೆರಿಕದಲ್ಲಿ ನೆಲೆಸಿದ ಮಗನನ್ನೋ ತಂಗಿಯನ್ನೋ ನೋಡಲು ಹೋಗುವವರು ಈಗ ಎಲ್ಲ ಊರುಗಳಲ್ಲೂ ಇದ್ದಾರೆ. ಅವರಲ್ಲಿ ಕೆಲವರಿಗೆ ಸ್ಕೂಬಾ ಡೈವಿಂಗ್ ಹವ್ಯಾಸವೂ ಇರುತ್ತದೆ. ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲೋ ಅಂಡಮಾನಿನಲ್ಲೋ ಕಲಿತು ಬಂದವರು, ಕ್ಯಾಲಿಫೋರ್ನಿಯಾಕ್ಕೆ ಹೋದಾಗ ಅಲ್ಲಿಯ ಪ್ರಸಿದ್ಧ ಮಾಂಟೆರೇ ಕೊಲ್ಲಿಯಲ್ಲೂ ಮುಳುಗಿ ನೋಡೋಣವೆಂದು ಆಸೆಪಡುವುದು ಸಹಜ. ನಮ್ಮವರು ಬಹಳ ಮಂದಿ ವಾಸಿಸುವ ಸ್ಯಾನ್ ಹೊಸೆಯಿಂದ ಆ ಊರು ಸುಮಾರು 115 ಕಿಲೋಮೀಟರ್ ದೂರ. ಬೆಳಿಗ್ಗೆ ಕಾರಿನಲ್ಲಿ ಹೊರಟು ಸಂಜೆಗೆ ಮರಳಬಹುದು.

ಆದರೆ ನೇತ್ರಾಣಿಯ ನೀರಿಗೂ ಮಾಂಟೆರೇಯ ನೀರಿಗೂ ದೊಡ್ಡ ಅಂತರವಿದೆ. ನಮ್ಮ ಕರಾವಳಿಯ ನೀರು 27ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಅಲ್ಲಿಯದು ವರ್ಷದ ಬಹುಕಾಲ 10ರಿಂದ 15 ಡಿಗ್ರಿ. ನೇತ್ರಾಣಿಯಲ್ಲಿ ದೋಣಿಯಿಂದ ನೀರಿಗಿಳಿಯುತ್ತೇವೆ. ಅಲ್ಲಿ ಹೆಚ್ಚಿನವರು ದಡದಿಂದಲೇ, ಅಲೆಗಳನ್ನು ದಾಟಿಕೊಂಡು ಇಳಿಯುತ್ತಾರೆ. ಈ ಎರಡು ವ್ಯತ್ಯಾಸಗಳು ಹೃದಯ, ಶ್ವಾಸಕೋಶ ಮತ್ತು ಸ್ನಾಯುಗಳ ಮೇಲೆ ಹೊಸ ಭಾರ ಹೊರಿಸುತ್ತವೆ. ಆದ್ದರಿಂದ ಇಂಥ ಪ್ರವಾಸದ ಸಿದ್ಧತೆ ವಿಮಾನದ ಟಿಕೆಟ್‌ಗಿಂತ ಮೊದಲು ನಿಮ್ಮ ಕುಟುಂಬ ವೈದ್ಯರ ಬಳಿ ಆರಂಭವಾಗಬೇಕು.

ತಣ್ಣೀರು ದೇಹಕ್ಕೆ ಏನು ಮಾಡುತ್ತದೆ?

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ದೇಹದ ಶಾಖವನ್ನು ಸೆಳೆಯುತ್ತದೆ. ತಣ್ಣೀರು ಚರ್ಮಕ್ಕೆ ತಾಗಿದ ಕ್ಷಣವೇ ಏದುಸಿರು ಬರುತ್ತದೆ, ನಾಡಿ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ. ಇದಕ್ಕೆ ಶೀತಾಘಾತ ಎನ್ನಬಹುದು. ಇದು ಮೊದಲ ಅರ್ಧ ನಿಮಿಷದಲ್ಲಿ ತೀವ್ರವಾಗಿದ್ದು, ಎರಡು ಮೂರು ನಿಮಿಷಗಳಲ್ಲಿ ಇಳಿಯುತ್ತದೆ. ಅಷ್ಟರಲ್ಲಿ ಗಾಬರಿಗೊಂಡು ಉಸಿರಿನ ನಳಿಗೆಯನ್ನು ಬಾಯಿಂದ ತೆಗೆದರೆ ನೀರು ಒಳಗೆ ಹೋಗುತ್ತದೆ. ಹೃದಯದ ರಕ್ತನಾಳಗಳು ಮೊದಲೇ ಕಿರಿದಾಗಿರುವವರಿಗೆ ಈ ಎರಡು ಮೂರು ನಿಮಿಷಗಳೇ ಅಪಾಯದ ಹೊತ್ತು.

ಚಳಿಗೆ ಕೈಕಾಲಿನ ರಕ್ತನಾಳಗಳು ಕುಗ್ಗಿ ರಕ್ತವೆಲ್ಲ ಎದೆಯ ಕಡೆಗೆ ಸರಿಯುತ್ತದೆ. ಹೀಗೆ ಹೆಚ್ಚಾದ ರಕ್ತವನ್ನು ಕಂಡ ಮೂತ್ರಪಿಂಡಗಳು ನೀರನ್ನು ಹೊರಹಾಕತೊಡಗುತ್ತವೆ. ಪದೇ ಪದೇ ಮೂತ್ರಕ್ಕೆ ಹೋಗುವಂತಾಗಿ ದೇಹ ಒಣಗುತ್ತದೆ. ಕೆಲವರಲ್ಲಿ, ಮುಖ್ಯವಾಗಿ ರಕ್ತದೊತ್ತಡ ಹತೋಟಿಯಲ್ಲಿಲ್ಲದವರಲ್ಲಿ, ಶ್ವಾಸಕೋಶದೊಳಗೆ ನೀರಿನಂಶ ಜಿನುಗುವುದೂ ಉಂಟು. ನೀರಿನಲ್ಲಿರುವಾಗ ಕಾರಣವಿಲ್ಲದೆ ಕೆಮ್ಮು, ಏದುಸಿರು, ಗುಲಾಬಿ ಬಣ್ಣದ ನೊರೆಯ ಕಫ ಕಂಡರೆ ಇದನ್ನೇ ಶಂಕಿಸಬೇಕು. ತಕ್ಷಣ ಮೇಲೆ ಬಂದು ದಡ ಸೇರಿ ಆಮ್ಲಜನಕ ಪಡೆಯಬೇಕು. ‘ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ’ ಎಂದು ಕೆಳಗೇ ಉಳಿಯುವುದು ಪ್ರಾಣಕ್ಕೆ ಎರವು.

ಯಾರು ವೈದ್ಯರನ್ನು ಕೇಳಲೇಬೇಕು?

ನಲವತ್ತೈದು ದಾಟಿದವರು, ಧೂಮಪಾನಿಗಳು, ಕೊಲೆಸ್ಟರಾಲ್ ಹೆಚ್ಚಿರುವವರು, ಮನೆತನದಲ್ಲಿ ಹೃದಯಾಘಾತದ ಇತಿಹಾಸವಿರುವವರು ಪರೀಕ್ಷೆ ಮಾಡಿಸಿಕೊಳ್ಳದೆ ಹೊರಡಬಾರದು. ಮೂರು ಮಹಡಿ ಹತ್ತಿದರೆ ಎದೆ ಬಿಗಿಯುವವರಿಗೆ ಈ ಹವ್ಯಾಸ ತರವಲ್ಲ. ಸಂಶಯವಿದ್ದರೆ ಟ್ರೆಡ್‌ಮಿಲ್ ಪರೀಕ್ಷೆ ಸಹಾಯಕ್ಕೆ ಬರುತ್ತದೆ.

ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ಅದರ ಹೆಸರನ್ನು ವೈದ್ಯರಿಗೆ ತೋರಿಸಿ, ಡೈವಿಂಗ್ ಮಾಡುವ ವಿಚಾರವನ್ನು ತಿಳಿಸಬೇಕು. ಬೀಟಾ ಬ್ಲಾಕರ್ ಗುಂಪಿನ ಮಾತ್ರೆಗಳು ಶ್ರಮವನ್ನು ತಾಳುವ ಶಕ್ತಿಯನ್ನು ತಗ್ಗಿಸುತ್ತವೆ. ಹಾಗೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಸಿಕೊಳ್ಳುವವರಲ್ಲಿ ಸಕ್ಕರೆ ಇಳಿದಾಗಿನ ನಡುಕಕ್ಕೂ ಚಳಿಯ ನಡುಕಕ್ಕೂ ವ್ಯತ್ಯಾಸ ತಿಳಿಯದು. ತಜ್ಞರು ಅನುಮತಿ ಕೊಟ್ಟರೂ ನೀರಿಗಿಳಿಯುವ ಮುನ್ನ ರಕ್ತದ ಸಕ್ಕರೆ 150 ಮಿಲಿಗ್ರಾಂಗಿಂತ ಕಡಿಮೆ ಇರಬಾರದು, ಇಳಿಮುಖವಾಗಿಯೂ ಇರಬಾರದು.

ಸಿಲಿಂಡರಿನ ಗಾಳಿ ಒಣದಾಗಿಯೂ ತಣ್ಣಗೂ ಇರುತ್ತದೆ. ಅಸ್ತಮಾ ಇರುವವರಿಗೆ ಅದೇ ಉಬ್ಬಸಕ್ಕೆ ಕಾರಣವಾಗಬಹುದು. ಹಿಂದೆ ಎಂದಾದರೂ ತಾನಾಗಿಯೇ ಶ್ವಾಸಕೋಶ ಒಡೆದು ಎದೆಯೊಳಗೆ ಗಾಳಿ ತುಂಬಿಕೊಂಡಿದ್ದವರು, ಮೂರ್ಛೆರೋಗ ಇರುವವರು, ಗರ್ಭಿಣಿಯರು ಡೈವಿಂಗ್ ಮಾಡಲೇಬಾರದು.

ನೆಗಡಿಯಾಗಿದ್ದರೆ ಅಂದಿನ ಡೈವಿಂಗ್ ರದ್ದು ಮಾಡಿ. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿದರೆ ಕೆಳಗಿರುವಾಗ ಅದರ ಪ್ರಭಾವ ಮುಗಿದು, ಮೇಲೆ ಬರುವಾಗ ಕಿವಿ, ಸೈನಸ್‌ಗಳಲ್ಲಿ ಗಾಳಿ ಸಿಕ್ಕಿಕೊಂಡು ತೀವ್ರ ನೋವಾಗಬಹುದು.

ಪ್ರವಾಸದ ವೇಳಾಪಟ್ಟಿ

ಭಾರತಕ್ಕೂ ಕ್ಯಾಲಿಫೋರ್ನಿಯಾಕ್ಕೂ ಹನ್ನೆರಡೂವರೆಯಿಂದ ಹದಿಮೂರೂವರೆ ಗಂಟೆಗಳ ಕಾಲವ್ಯತ್ಯಾಸವಿದೆ. ನಮ್ಮ ಹಗಲು ಅಲ್ಲಿ ರಾತ್ರಿ. ಇಪ್ಪತ್ತು ಗಂಟೆಗಳ ವಿಮಾನ ಪ್ರಯಾಣದಲ್ಲಿ ನಿದ್ದೆ ಕೆಟ್ಟು ದೇಹವೂ ಒಣಗಿರುತ್ತದೆ. ಆದ್ದರಿಂದ ಇಳಿದ ಮೇಲೆ ಕನಿಷ್ಠ ಎರಡು ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ನೀರು ಕುಡಿದು, ಮೂರನೆಯ ದಿನ ಕಡಲಿಗೆ ಹೋಗಿ. ಹಿಂದಿನ ರಾತ್ರಿ ಮದ್ಯ ಬೇಡ.

ಮರಳುವಾಗಲೂ ಇಷ್ಟೇ ಎಚ್ಚರ ಬೇಕು. ಆಳದಲ್ಲಿ ಒತ್ತಡಕ್ಕೆ ಸಿಕ್ಕು ರಕ್ತ, ಮಾಂಸಗಳಲ್ಲಿ ಕರಗಿದ ಸಾರಜನಕ ಮೇಲೆ ಬಂದ ಮೇಲೂ ಗಂಟೆಗಟ್ಟಲೆ ಉಳಿದಿರುತ್ತದೆ. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 6ರಿಂದ 8 ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ಕಡಿಮೆ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಗುಳ್ಳೆ ಏಳುವಂತೆ ಆಗ ಸಾರಜನಕ ಗುಳ್ಳೆಗಟ್ಟುತ್ತದೆ. ಒಂದೇ ಸಾಮಾನ್ಯ ಡೈವ್ ಆಗಿದ್ದರೆ ವಿಮಾನಕ್ಕೆ ಮುನ್ನ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನಗಳ ಡೈವಿಂಗ್ ಆಗಿದ್ದರೆ ಕನಿಷ್ಠ 18 ಗಂಟೆ ಬಿಡಬೇಕು. ಪೂರ್ತಿ ಒಂದು ದಿನ ಬಿಡುವುದು ಇನ್ನೂ ಒಳ್ಳೆಯದು.

ಮನೆಯವರು ಇಲ್ಲಿ ಒಂದು ಸಂಗತಿ ಮರೆಯುತ್ತಾರೆ. ಡೈವಿಂಗ್ ಮುಗಿದ ಸಂಜೆಯೇ ಎಲ್ಲರೂ ಕಾರಿನಲ್ಲಿ ಲೇಕ್ ತಾಹೋಗೆ ಹೊರಡುವ ಯೋಜನೆ ಹಾಕುತ್ತಾರೆ. ಆ ಸರೋವರ ಇರುವುದೇ 6,200 ಅಡಿ ಎತ್ತರದಲ್ಲಿ, ದಾರಿಯ ಘಟ್ಟ ಇನ್ನೂ ಎತ್ತರ. ಗುಳ್ಳೆಗಳ ಮಟ್ಟಿಗೆ ಅದೂ ವಿಮಾನ ಏರಿದಂತೆಯೇ. ಬೆಟ್ಟದ ಪ್ರವಾಸವನ್ನು ಡೈವಿಂಗ್‌ಗೆ ಮೊದಲೇ ಮುಗಿಸಿ.

ಯಾವ ತಿಂಗಳು, ಯಾವ ದಡ?

ಮಾಂಟೆರೇಯಲ್ಲಿ ವಸಂತಕಾಲದ ಗಾಳಿಗೆ ಆಳದ ತಣ್ಣೀರು ಮೇಲಕ್ಕೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಹೆಚ್ಚು ತಣ್ಣಗೂ ಮಬ್ಬಾಗಿಯೂ ಇರುತ್ತದೆ. ಚಳಿಗಾಲದಲ್ಲಿ ಅಲೆಗಳು ದೊಡ್ಡವು. ಸೆಪ್ಟೆಂಬರ್, ಅಕ್ಟೋಬರ್ ಹೊಸಬರಿಗೆ ಅನುಕೂಲ. ಮಕ್ಕಳ ಬೇಸಿಗೆ ರಜೆಯಲ್ಲೇ ಹೋಗುವುದಾದರೆ ನೀರು ಬೆಚ್ಚಗಿರುತ್ತದೆಂದು ನಂಬಿ ಹೋಗಬೇಡಿ. ಅಲ್ಲಿ ಬೇಸಿಗೆಯಲ್ಲೂ ಕಡಲತೀರದಲ್ಲಿ ಮಂಜು ಮುಸುಕಿ ಚಳಿಗಾಳಿ ಬೀಸುವುದುಂಟು.

ಊರೊಳಗಿನ ಸ್ಯಾನ್ ಕಾರ್ಲೋಸ್ ಬೀಚ್ ಕಲ್ಲಿನ ತಡೆಗೋಡೆಯ ಮರೆಯಲ್ಲಿರುವುದರಿಂದ ಕಲಿಯುವವರಿಗೆ ಸೂಕ್ತ. ಅದರ ದಕ್ಷಿಣಕ್ಕಿರುವ ಪಾಯಿಂಟ್ ಲೋಬೋಸ್ ರಕ್ಷಿತ ಪ್ರದೇಶದಲ್ಲಿ ಡೈವರ್‌ಗಳ ಸಂಖ್ಯೆಗೆ ಮಿತಿಯಿದೆ, ಮೊದಲೇ ಕಾಯ್ದಿರಿಸಬೇಕು. ಕಾರ್ಮೆಲ್ ಬಳಿಯ ಮೊನಾಸ್ಟರಿ ಬೀಚ್ ನೋಡಲು ಸುಂದರ. ಆದರೆ ಅಲ್ಲಿ ಮರಳು ಥಟ್ಟನೆ ಕಡಿದಾಗಿ ಇಳಿಯುತ್ತದೆ, ಅಲೆ ಕಾಲನ್ನು ಕೀಳುತ್ತದೆ. ಅನೇಕರು ಸತ್ತಿರುವುದರಿಂದ ಸ್ಥಳೀಯರು ಅದಕ್ಕೆ ‘ಮಾರ್ಚುವರಿ ಬೀಚ್’ ಎಂದೇ ಅಡ್ಡಹೆಸರಿಟ್ಟಿದ್ದಾರೆ. ಪ್ರವಾಸಿಗಳು ಅದರ ಗೊಡವೆಗೆ ಹೋಗಬಾರದು.

ಇನ್ನೊಂದು ಮಾತು. ನೇತ್ರಾಣಿಯಲ್ಲಿ ತರಬೇತುದಾರರ ಕೈಹಿಡಿದು ಒಮ್ಮೆ ಮುಳುಗಿ ಬಂದದ್ದು ಡೈವಿಂಗ್ ಕಲಿತಂತಲ್ಲ. ಪೂರ್ಣ ತರಬೇತಿಯ ಕಾರ್ಡ್ ಇಲ್ಲದವರಿಗೆ ಅಲ್ಲಿನ ಅಂಗಡಿಗಳು ಗಾಳಿ ತುಂಬಿದ ಸಿಲಿಂಡರ್ ಕೊಡುವುದಿಲ್ಲ. ಕಾರ್ಡ್ ಇದ್ದರೂ ಮೊದಲ ದಿನ ಸ್ಥಳೀಯ ಮಾರ್ಗದರ್ಶಕರನ್ನು ಗೊತ್ತುಮಾಡಿಕೊಳ್ಳಿ.

ನೀರಿನ ಅಂಚಿನಲ್ಲಿ

ತಣ್ಣೀರಿಗೆ 7 ಮಿಲಿಮೀಟರ್ ದಪ್ಪದ ವೆಟ್‌ಸೂಟ್, ತಲೆಗವಸು, ಕೈಗವಸು, ಬೂಟು ಬೇಕು. ದಪ್ಪ ಉಡುಪು ದೇಹವನ್ನು ತೇಲಿಸುವುದರಿಂದ ನಮ್ಮಲ್ಲಿ ಕಟ್ಟಿಕೊಳ್ಳುವುದಕ್ಕಿಂತ ಬಹಳ ಹೆಚ್ಚು ಸೀಸದ ತೂಕ ಬೇಕಾಗುತ್ತದೆ. ಸಿಲಿಂಡರ್ ಸೇರಿ ಮೈಮೇಲೆ 30 ಕಿಲೋಗೂ ಮೀರಿದ ಹೊರೆ. ಅದನ್ನು ಹೊತ್ತು ಮೆಟ್ಟಿಲಿಳಿದು ಮರಳಿನಲ್ಲಿ ನಡೆಯುವಾಗಲೇ ಅರ್ಧ ಶಕ್ತಿ ಮುಗಿಯುತ್ತದೆ. ನೀರಿನಂಚಿನಲ್ಲಿ ನಿಂತು ಉಸಿರು ಸಮಸ್ಥಿತಿಗೆ ಬರುವವರೆಗೆ ಕಾಯಿರಿ. ಆ ಹೊತ್ತಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಅಲೆಗಳನ್ನು ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬಂದು ನಡುವೆ ಬಿಡುವು ಕೊಡುತ್ತವೆ. ಆ ಬಿಡುವಿನಲ್ಲೇ ಇಳಿಯಬೇಕು, ಅದರಲ್ಲೇ ಹೊರಬರಬೇಕು. ಅಲೆ ದಾಟುವವರೆಗೆ ಮುಖವಾಡವನ್ನೂ ಬಾಯಿಯ ನಳಿಗೆಯನ್ನೂ ತೆಗೆಯಬಾರದು.

ನೀರಿಗಿಳಿದ ಕೂಡಲೇ ಮುಳುಗದೆ, ಮೂರು ನಿಮಿಷ ಮೇಲೆಯೇ ತೇಲುತ್ತ ಮುಖಕ್ಕೆ ನೀರು ತಾಗಿಸಿಕೊಳ್ಳಿ. ತಲೆಗವಸನ್ನು ಎರಡೂ ಬದಿಯಲ್ಲಿ ಸ್ವಲ್ಪ ಎತ್ತಿ ಎರಡೂ ಕಿವಿಗೆ ಒಟ್ಟಿಗೆ ನೀರು ಹೋಗಲು ಬಿಡಿ. ಒಂದೇ ಕಿವಿಗೆ ತಣ್ಣೀರು ನುಗ್ಗಿದರೆ ತಲೆಸುತ್ತು ಬರುತ್ತದೆ. ಅಲ್ಲಿ ಕೆಲ್ಪ್ ಎಂಬ ಉದ್ದನೆಯ ಕಡಲಪಾಚಿಯ ಕಾಡೇ ಇದೆ. ಸಿಕ್ಕಿಕೊಂಡರೆ ಸುತ್ತಿ ತಿರುಗಬೇಡಿ, ನಿಂತು ನಿಧಾನವಾಗಿ ಬಿಡಿಸಿಕೊಳ್ಳಿ. ಮೊದಲ ದಿನ 10 ಮೀಟರ್ ಆಳ ಸಾಕು. ದಡ ಸೇರುವ ಈಜಿಗೆಂದು ಮೂರನೆಯ ಒಂದು ಪಾಲು ಗಾಳಿ ಉಳಿಸಿಕೊಳ್ಳಿ. ನಡುಕ ಆರಂಭವಾದರೆ ಅಂದಿನ ಡೈವ್ ಮುಗಿಯಿತು ಎಂದು ತಿಳಿಯಿರಿ. ಮರಗಟ್ಟಿದ ಬೆರಳುಗಳಿಂದ ಬಕ್ಕಲ್ ಬಿಚ್ಚಲೂ ಆಗುವುದಿಲ್ಲ.

ಹೊರಬಂದ ಮೇಲೆ

ಒದ್ದೆ ಉಡುಪು ಕಳಚಿ, ಒಣಬಟ್ಟೆ, ಉಣ್ಣೆಯ ಟೋಪಿ ಹಾಕಿಕೊಂಡು ಗಾಳಿ ಮರೆಯಲ್ಲಿ ಕುಳಿತು ಬೆಚ್ಚನೆಯ ಸಿಹಿ ಪಾನೀಯ ಕುಡಿಯಿರಿ. ಕೂಡಲೇ ಬಿಸಿನೀರಿನ ಸ್ನಾನ ಬೇಡ. ಕುಗ್ಗಿದ ರಕ್ತನಾಳಗಳು ಒಮ್ಮೆಗೇ ಹಿಗ್ಗಿ ತಲೆಸುತ್ತು ಬರಬಹುದು, ಗುಳ್ಳೆಗಳ ತೊಂದರೆಗೂ ದಾರಿಯಾಗಬಹುದು. ಬ್ರಾಂದಿ ಕುಡಿದರೆ ಮೈ ಬಿಸಿಯಾದಂತೆ ಅನಿಸಿದರೂ ಶಾಖ ಹೊರಗೇ ಹೋಗುತ್ತದೆ. ಮಾತು ತೊದಲುವುದು, ತಡವರಿಸುವುದು, ಮಂಕು ಕವಿಯುವುದು ಕಂಡರೆ ಮಲಗಿಸಿ, ಹೊದಿಸಿ, ವೈದ್ಯಕೀಯ ನೆರವು ಕರೆಯಿರಿ.

ಮನೆಯವರಿಗೆ ತಿಳಿದಿರಬೇಕಾದ ಲಕ್ಷಣಗಳು ಇವು: ಭುಜ, ಮೊಣಕೈ, ಮಂಡಿಗಳಲ್ಲಿ ನೋವು, ಕೈಕಾಲು ಜೋಮು ಅಥವಾ ನಿಶ್ಶಕ್ತಿ, ತಲೆಸುತ್ತು, ಅತಿಯಾದ ಆಯಾಸ, ಚರ್ಮದ ಮೇಲೆ ಮಚ್ಚೆಯಂಥ ಗುರುತು, ಮೂತ್ರ ಕಟ್ಟುವುದು. ಡೈವಿಂಗ್ ನಂತರದ 24 ಗಂಟೆಗಳಲ್ಲಿ ಇವು ಕಂಡರೆ ‘ಸಿಲಿಂಡರ್ ಎತ್ತಿದ್ದಕ್ಕೆ ನೋವು’ ಎಂದು ನೋವಿನ ಮುಲಾಮು ಹಚ್ಚಿ ವಿಮಾನ ಹತ್ತಿಸಬೇಡಿ. 911ಕ್ಕೆ ಫೋನ್ ಮಾಡಿ, ‘ಸ್ಕೂಬಾ ಡೈವಿಂಗ್ ಮಾಡಿದ್ದರು’ ಎಂದು ಮೊದಲ ಮಾತಿನಲ್ಲೇ ಹೇಳಿ. ಶುದ್ಧ ಆಮ್ಲಜನಕವೂ ಒತ್ತಡದ ಕೋಣೆಯ ಚಿಕಿತ್ಸೆಯೂ ಬೇಗ ದೊರೆತಷ್ಟೂ ಗುಣವಾಗುವ ಸಾಧ್ಯತೆ ಹೆಚ್ಚು. ಅನೇಕ ಪ್ರವಾಸಿ ವಿಮೆಗಳಲ್ಲಿ ಸ್ಕೂಬಾ ಡೈವಿಂಗ್ ಸೇರಿರುವುದಿಲ್ಲ. ಅಮೆರಿಕದ ಆಸ್ಪತ್ರೆಯ ಬಿಲ್ಲು ಒಂದು ಸಂಸಾರದ ಉಳಿತಾಯವನ್ನೇ ನುಂಗಬಲ್ಲದು. ಹೊರಡುವ ಮುನ್ನ ಪಾಲಿಸಿಯನ್ನು ಓದಿ, ಬೇಕಾದರೆ ಡೈವರ್‌ಗಳ ವಿಮೆಯನ್ನು ಪ್ರತ್ಯೇಕವಾಗಿ ಮಾಡಿಸಿ.

ಕೊನೆಯದಾಗಿ, ದಡದವರೆಗೆ ಹೋಗಿ ಅಲೆ ನೋಡಿ ಹಿಂತಿರುಗುವುದು ಅವಮಾನವಲ್ಲ. ಇಷ್ಟು ದೂರ ಬಂದಿದ್ದೇವೆ, ದುಡ್ಡು ಖರ್ಚಾಗಿದೆ ಎಂಬ ಯೋಚನೆಯೇ ಪ್ರವಾಸಿಗಳನ್ನು ಒಲ್ಲದ ನೀರಿಗೆ ಇಳಿಸುತ್ತದೆ. ಯೋಜನೆಯಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಇಂದು ಕಡಲು ಬೇಡವೆಂದರೆ ನಾಳೆ ಹೋಗಬಹುದು.