ಟ್ರೇಲರ್ ಕೊಳ್ಳುವ ಮುನ್ನ ಅದರ ಅಡಿ ನೋಡಿ

ಕಾರು ಅಥವಾ ಪಿಕಪ್ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆಗೆ ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್ ಎನ್ನುತ್ತಾರೆ. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ ಇವುಗಳ ಕಾರ್ಖಾನೆಗಳು ಸಾಲುಸಾಲಾಗಿವೆ. ಹೊಸದಾಗಿ ಕೊಳ್ಳಹೊರಟವರು ಒಳಗಿನ ಸೋಫಾ, ಒಲೆ, ಬಚ್ಚಲು ನೋಡಿಯೇ ಅರ್ಧ ಮರುಳಾಗಿರುತ್ತಾರೆ. ಆಮೇಲೆ ಕೇಳುತ್ತಾರೆ: ಆಕ್ಸಲ್ ಒಂದಿದ್ದರೆ ಸಾಕೋ, ಎರಡು ಬೇಕೋ? ಉತ್ತರ ಇರುವುದು ಗಾಡಿಯ ಅಡಿಯಲ್ಲಿ.

ಅಲ್ಲಿ ಉದ್ದಕ್ಕೆ ಎರಡು ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿಗಳು. ಮುಂದೆ ಇಂಗ್ಲಿಷಿನ 'ಎ' ಅಕ್ಷರದಂತೆ ಕೂಡಿ, ಎಳೆಯುವ ವಾಹನಕ್ಕೆ ಸಿಕ್ಕಿಸುವ ಮೂತಿ. ಇದೇ ಫ್ರೇಮ್. ಸಾಮಾನ್ಯವಾಗಿ ಅದು ಸೋಲುವುದು ಪೆಟ್ಟು ಒಳಹೊಗುವ ಜಾಗದಲ್ಲಿ: ಕಮಾನು ಪಟ್ಟಿಯನ್ನು (ಲೀಫ್ ಸ್ಪ್ರಿಂಗ್) ತೂಗುಹಾಕಿದ ಹ್ಯಾಂಗರ್‌ಗಳ ವೆಲ್ಡಿಂಗ್‌ನಲ್ಲಿ, 'ಎ' ಭಾಗ ತೊಲೆಗೆ ಸೇರುವಲ್ಲಿ. ಟಾರ್ಚ್ ಹಿಡಿದು ನೋಡಿ. ವೆಲ್ಡಿಂಗ್ ಅಂಚಿಗೆ ಕಪ್ಪು ಬಣ್ಣದ ಮೇಲೆ ಕೂದಲೆಳೆಯಷ್ಟು ಕಂದು ಗೆರೆ ಕಂಡರೆ, ಒಳಗೆ ಬಿರುಕು ಬಿಟ್ಟು ತುಕ್ಕು ಹೊರಬರುತ್ತಿರಬಹುದು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳ ಗಾಡಿಯಾದರೆ ಇನ್ನೂ ಹುಷಾರು.

ಒಂದೇ ಆಕ್ಸಲ್ ಇದ್ದಾಗ ಚಕ್ರ ಗುಂಡಿಗೆ ಬಿದ್ದರೆ ಆ ಬದಿಯ ಪೆಟ್ಟೆಲ್ಲ ಒಂದೇ ಕಮಾನು ಪಟ್ಟಿಯ ಮೂಲಕ ಫ್ರೇಮಿಗೆ ಹೋಗುತ್ತದೆ. ಎರಡಿದ್ದರೆ ಮುಂದಿನ ಮತ್ತು ಹಿಂದಿನ ಪಟ್ಟಿಗಳ ನಡುವೆ ಈಕ್ವಲೈಜರ್ ಎಂಬ ಓಲಾಡುವ ಉಕ್ಕಿನ ತುಂಡು ಇರುತ್ತದೆ. ಮುಂದಿನ ಚಕ್ರ ಉಬ್ಬು ಹತ್ತಿದೊಡನೆ ಅದು ವಾಲಿ, ಭಾರದ ಒಂದು ಪಾಲನ್ನು ಹಿಂದಿನದಕ್ಕೆ ದಾಟಿಸುತ್ತದೆ. ಫ್ರೇಮಿಗೆ ತಟ್ಟುವ ಪೆಟ್ಟು ತಗ್ಗುತ್ತದೆ. ಹೆದ್ದಾರಿಯಲ್ಲಿ ಒಂದು ಟೈರ್ ಸಿಡಿದರೂ ಪಕ್ಕದ್ದು ಆಧಾರ ಕೊಟ್ಟು, ರಸ್ತೆ ಬದಿಗೆ ಬರುವಷ್ಟು ವ್ಯವಧಾನ ಸಿಗುತ್ತದೆ. ನನ್ನ ಮಟ್ಟಿಗೆ ಎರಡರ ದೊಡ್ಡ ಲಾಭ ಇದೇ.

ಅದಕ್ಕೆ ಬೆಲೆಯೂ ಇದೆ. ನಾಲ್ಕು ಟೈರು, ನಾಲ್ಕು ಬ್ರೇಕು, ನಾಲ್ಕೂ ಕಡೆ ಬೇರಿಂಗಿಗೆ ಗ್ರೀಸು. ಇಕ್ಕಟ್ಟಿನಲ್ಲಿ ತಿರುಗಿಸುವಾಗ ಟೈರುಗಳು ಅಡ್ಡಡ್ಡ ಉಜ್ಜಿ, ಅದೇ ಹ್ಯಾಂಗರ್‌ಗಳನ್ನು ತಿರುಚುತ್ತವೆ. ಚಿಕ್ಕ ಗಾಡಿಗೆ ಇದೆಲ್ಲ ಬೇಡದ ಹೊರೆ. ಏರ್‌ಸ್ಟ್ರೀಮ್ ಕಂಪನಿಯ ಬ್ಯಾಂಬಿ ಎಂಬ ಪುಟ್ಟ ಟ್ರೇಲರ್ ಒಂದೇ ಆಕ್ಸಲ್ ಮೇಲೆ ಓಡುತ್ತದೆ.

ಆದ್ದರಿಂದ ಚಕ್ರ ಎಣಿಸುವ ಬದಲು ತೂಕ ಕೇಳಿ. ಸಣ್ಣ ಟ್ರೇಲರ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಆಕ್ಸಲ್ ಹೊರುವುದು 3500 ಪೌಂಡ್, ಸುಮಾರು 1590 ಕಿಲೋ. ಖಾಲಿ ಗಾಡಿಯೇ ಅದರ ಹತ್ತಿರಕ್ಕೆ ಬಂದಿದ್ದರೆ, 150 ಲೀಟರ್ ನೀರು ತುಂಬಿದರೆ ಸಾಕು, ಮತ್ತೆ 150 ಕಿಲೋ ಏರಿತು. ಗರಿಷ್ಠ ತೂಕದ ಚೀಟಿ ಟ್ರೇಲರಿನ ಹೊರಮೈಗೆ, ಎಡಗಡೆ ಮುಂಭಾಗದಲ್ಲಿ ಅಂಟಿಸಿರುತ್ತದೆ. ಸಾಮಾನು ತುಂಬಿದ ಮೇಲೆ ಲಾರಿ ತೂಗುವ ವೇಬ್ರಿಡ್ಜ್‌ಗೆ ಒಯ್ದು ತಾಳೆ ನೋಡಿ.

ಭಾರ ಎಲ್ಲಿಡುತ್ತೀರಿ ಎನ್ನುವುದೂ ಮುಖ್ಯ. ಹಿಂದೆ ಹೇರಿದರೆ ಎತ್ತಿನ ಗಾಡಿ ಮೂಕಿ ಎತ್ತುವಂತೆ ಇದೂ ಮುಂದೆ ಹಗುರಾಗಿ, ವೇಗದಲ್ಲಿ ಅತ್ತಿತ್ತ ಓಲಾಡುತ್ತದೆ. ಒಟ್ಟು ತೂಕದ 10ರಿಂದ 15 ಪ್ರತಿಶತ ಮೂತಿಯ ಮೇಲೆ ಕೂತಿರಬೇಕು. ಹಿಂದಿನ ಬಂಪರಿಗೆ ಸೈಕಲ್ ಕಟ್ಟುವ ಚಪಲ ಹಲವರಿಗೆ. ಎಷ್ಟೋ ಗಾಡಿಗಳಲ್ಲಿ ಆ ಬಂಪರ್, ಕೊಳಚೆ ಪೈಪು ತೂರಿಸಿಡುವ ತೆಳು ಚೌಕ ಕೊಳವೆಯಷ್ಟೇ!

ಹಳೆಯ ಗಾಡಿಯಾದರೆ ಟೈರಿನ ವಯಸ್ಸನ್ನೂ ಓದಿಕೊಳ್ಳಿ. ಪಕ್ಕದ ಗೋಡೆಯ ಮೇಲೆ ಡಿಒಟಿ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ 2319 ಎಂದಿದ್ದರೆ ಅದು 2019ರ 23ನೇ ವಾರದ ಟೈರು. ಮೇಲಿನ ಅಚ್ಚು ಎಷ್ಟೇ ಹೊಸದಾಗಿ ಕಂಡರೂ, ವಯಸ್ಸಾದ ಟೈರನ್ನು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡೇ ಮಾತಾಡಿ.