25 ತುಂಬುವ ಮುನ್ನ

ಪುಟ್ಟಿ,

ನಿನ್ನ ವಯಸ್ಸಿನವರೆಲ್ಲ ಓದಲಿ ಎಂದು ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಬರುವ ವರ್ಷ ನಿನಗೆ 25 ತುಂಬುತ್ತದೆ. ಅಪ್ಪನ ಫ್ಯಾಮಿಲಿ ಫ್ಲೋಟರ್ ಪಾಲಿಸಿಯಿಂದ ನಿನ್ನ ಹೆಸರು ಬಿಟ್ಟುಹೋಗುತ್ತದೆ. ನಮ್ಮಲ್ಲಿ ಬಹಳಷ್ಟು ಪಾಲಿಸಿಗಳು ಮಕ್ಕಳಿಗೆ ಹಾಕಿರುವ ಗಡಿ ಅದೇ. ಅಮೆರಿಕದಲ್ಲಿ 2010ರ ಕಾಯ್ದೆ ಬಂದ ಮೇಲೆ, ಮದುವೆಯಾಗಿದ್ದರೂ ಮಕ್ಕಳು 26 ತುಂಬುವವರೆಗೆ ಹೆತ್ತವರ ವಿಮೆಯಲ್ಲಿ ಇರಬಹುದು. ನಮ್ಮಲ್ಲಿ ಕಂಪನಿ ಬರೆದ ಷರತ್ತೇ ಕಾನೂನು. ಧಾರವಾಡದಲ್ಲೋ ವಿಜಯನಗರದಲ್ಲೋ ರೂಮು ಮಾಡಿಕೊಂಡು ಕೆಪಿಎಸ್‌ಸಿಗೆ ಓದುತ್ತಿರುವ ಹುಡುಗರಿಗೆ ಇದು ಅನ್ಯಾಯ ಎಂದೇ ನನಗೆ ಅನ್ನಿಸುತ್ತದೆ.

'ಆಫೀಸಿನ ಇನ್ಶೂರೆನ್ಸ್ ಇದೆಯಲ್ಲ ದೊಡ್ಡಪ್ಪ' ಅನ್ನುತ್ತೀಯ. ಅದು ಕೆಲಸ ಇರುವವರೆಗೆ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ ಡೆಂಗಿ ಬಂದರೆ ಆಸ್ಪತ್ರೆಯ ಬಿಲ್ಲು ಕಟ್ಟುವವರು ಅಪ್ಪನೇ.

ಹಾಗಾಗಿ ನಿನ್ನದೇ ಪಾಲಿಸಿ ಬೇಕು, ಅದೂ ತಡಮಾಡದೆ. ನೀನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಥೈರಾಯ್ಡ್ ಮಾತ್ರೆಯನ್ನೇ ಉದಾಹರಣೆಗೆ ತೆಗೆದುಕೋ. ಹೊಸದಾಗಿ ಪಾಲಿಸಿ ಮಾಡಿಸಿದರೆ ನಿನ್ನ ಥೈರಾಯ್ಡ್ ತೊಂದರೆ 'ಮೊದಲೇ ಇದ್ದ ಕಾಯಿಲೆ'. ಅದಕ್ಕೆ ಸಂಬಂಧಪಟ್ಟ ಚಿಕಿತ್ಸೆಯ ಖರ್ಚು ಕೊಡಲು ಕಂಪನಿ 36 ತಿಂಗಳವರೆಗೆ ಕಾಯಿಸಬಹುದು. 2024ಕ್ಕೆ ಮೊದಲು ಈ ಮಿತಿ 48 ತಿಂಗಳಿತ್ತು. ಅಪ್ಪನ ಪಾಲಿಸಿಯಲ್ಲಾದರೋ ನೀನು ಹೈಸ್ಕೂಲಿನಿಂದ ಇದ್ದೀಯ, ಕಾಯುವ ಅವಧಿ ಎಂದೋ ಮುಗಿದಿದೆ. ಹೆಸರು ಬಿಟ್ಟುಹೋಗುವ ಮೊದಲೇ ಅದೇ ಕಂಪನಿಯಲ್ಲಿ ನಿನ್ನದೇ ಪಾಲಿಸಿಗೆ ವರ್ಗಾಯಿಸಿಕೊಂಡರೆ ಆ ವರ್ಷಗಳ ಲೆಕ್ಕ ನಿನ್ನ ಜೊತೆ ಬರುತ್ತದೆ. ಬೇರೆ ಕಂಪನಿಗೆ ಪೋರ್ಟ್ ಮಾಡಿದರೂ ಬರುತ್ತದೆ, ಆದರೆ ಆ ಕಂಪನಿ ನಿನ್ನನ್ನು ಬೇಡ ಅನ್ನಲೂಬಹುದು. ಹಾಗಾಗಿ ಮೊದಲು ಹಳೆಯ ಕಂಪನಿಯನ್ನೇ ಕೇಳು. ಈ ಲೆಕ್ಕ ಹಳೆಯ ವಿಮಾ ಮೊತ್ತದ ಮಟ್ಟಿಗೆ ಮಾತ್ರ. ಹೆಚ್ಚಿಸಿಕೊಂಡ ಮೊತ್ತಕ್ಕೆ ಹೊಸದಾಗಿ ಕಾಯಲೇಬೇಕು.

ಅರ್ಜಿಯಲ್ಲಿ ಥೈರಾಯ್ಡ್ ಮುಚ್ಚಿಡಬೇಡ. ಏಜೆಂಟರು 'ಇಲ್ಲ ಅಂತ ಟಿಕ್ ಮಾಡಿಬಿಡಿ' ಅಂದರೂ ಕೇಳಬೇಡ. ಕ್ಲೇಮಿನ ಹೊತ್ತಿಗೆ ಡಾಕ್ಟರ ಹಳೇ ಚೀಟಿ ಹೊರಬಂದರೆ ಕಟ್ಟಿದ ಪ್ರೀಮಿಯಂ ಎಲ್ಲ ನೀರುಪಾಲು.

ದುಡ್ಡಿನ ಚಿಂತೆಯೇ? ಈ ವಯಸ್ಸಿನಲ್ಲಿ ಪ್ರೀಮಿಯಂ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18ರ ಜಿಎಸ್‌ಟಿಯೂ ಹೋಗಿದೆ.

ಈ ಭಾನುವಾರ ಊರಿಗೆ ಹೋದಾಗ ಅಪ್ಪನ ಬೀರುವಿನಿಂದ ಪಾಲಿಸಿ ತೆಗೆಸಿ ನವೀಕರಣದ ತಾರೀಖು ಬರೆದುಕೋ. ಅದಕ್ಕೆ ಎರಡು ತಿಂಗಳು ಮೊದಲೇ ಕಂಪನಿಗೆ ಅರ್ಜಿ ಹಾಕು. ತಮ್ಮನ ವಯಸ್ಸಿನ ಗಡಿ ಎಂದು ಬರುತ್ತದೆ ಎಂಬುದನ್ನೂ ಅಲ್ಲೇ ನೋಡಿ ಅವನಿಗೆ ಹೇಳು.

ನಿನ್ನ ದೊಡ್ಡಪ್ಪ